ಹಳೆಯ ಲೆನ್ಸ್ ಮಾರುವವರಿಗೆ ಈಬೇ: ಏಳು ವರ್ಷಗಳ ನಂತರ ಒಂದು ವಿಮರ್ಶೆ

ಈಬೇ ಎಂಬ ಆನ್‌ಲೈನ್ ಮಾರಾಟ ತಾಣದ ಬಗ್ಗೆ ಕೊಂಡವರು ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಮಾರುವವರು ಬರೆದವು ಕಡಿಮೆ. ಬರೆದರೂ ಯಾವುದೋ ಒಬ್ಬ ಗಿರಾಕಿಯ ಮೇಲಿನ ಸಿಟ್ಟು ಆರುವ ಮೊದಲೇ ಬರೆದಿರುತ್ತಾರೆ. ನಾನು ಏಳು ವರ್ಷಗಳಿಂದ ಅಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾಗಳ ಲೆನ್ಸ್ ಮಾರುತ್ತಿದ್ದೇನೆ. ಸೋದರಮಾವ ತಮ್ಮ ಸ್ಟುಡಿಯೋ ಮುಚ್ಚಿದಾಗ ಎರಡು ಟ್ರಂಕ್ ಸಾಮಾನು ನನ್ನ ಪಾಲಿಗೆ ಬಂದಿತ್ತು. ಲೆನ್ಸ್ ಬಿಚ್ಚುವುದು, ಒರೆಸುವುದು, ಮತ್ತೆ ಕೂಡಿಸುವುದು ಎಲ್ಲವನ್ನೂ ಕಲಿಸಿದವರು ಅವರೇ. ಆ ಟ್ರಂಕ್‌ಗಳು ಖಾಲಿಯಾಗಿ ಬಹಳ ಕಾಲವಾಯಿತು. ಈಗ ಕೆಟ್ಟು ಕೂತಿರುವುದನ್ನು ಕೊಂಡು, ಸರಿಮಾಡಿ, ಮಾರುತ್ತೇನೆ.

ತಾಣದ ಅಂದಚೆಂದವಾಗಲಿ, ಅವರು ಹಿಡಿದುಕೊಳ್ಳುವ ಕಮಿಷನ್ ಆಗಲಿ ಈ ವಿಮರ್ಶೆಯ ವಿಷಯವಲ್ಲ. ಕೊಂಡವರು ತಗಾದೆ ತೆಗೆದಾಗ ಮಾರಿದವರ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದಷ್ಟನ್ನೇ ಬರೆಯುತ್ತೇನೆ. ಆ ಒಂದು ವಿಷಯದಲ್ಲಿ ಈಬೇಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

1995ರ ಸೆಪ್ಟೆಂಬರ್‌ನಲ್ಲಿ ಪಿಯರ್ ಒಮಿಡ್ಯಾರ್ ಇದನ್ನು ಆಕ್ಷನ್‌ವೆಬ್ ಎಂಬ ಹೆಸರಿನಲ್ಲಿ ಆರಂಭಿಸಿದಾಗ ಅಲ್ಲಿ ಮೊದಲು ಮಾರಾಟವಾದದ್ದು ಅವರದೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಅದು ಕೆಟ್ಟಿದೆ ಎಂಬುದು ಅರ್ಥವಾಗಿದೆಯೇ ಎಂದು ಅವರು ಕೊಂಡವನಿಗೆ ಬರೆದು ಕೇಳಿದರು. ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಡುವವನು ಎಂದು ಅವನು ಉತ್ತರಿಸಿದ. ಈ ಕಥೆಯನ್ನು ಹೇಳುವವರೆಲ್ಲ ಎಂಥ ವಸ್ತುವಿಗೂ ಒಬ್ಬ ಗಿರಾಕಿ ಇರುತ್ತಾನೆ ಎನ್ನುವುದಕ್ಕೆ ಅದನ್ನು ಉದಾಹರಿಸುತ್ತಾರೆ. ನನಗೆ ಅದರಲ್ಲಿ ಕಾಣುವುದು ಮಾರಿದವರು ಕೇಳಿದ ಪ್ರಶ್ನೆ. ಹಣ ಕೈಸೇರುತ್ತಿರುವಾಗಲೂ ಆ ಪ್ರಶ್ನೆ ಕೇಳುವವರಿಗೆ ಮುಂದೆ ಬರಬಹುದಾದ ಜಗಳಗಳಲ್ಲಿ ಮುಕ್ಕಾಲು ಪಾಲು ಬರುವುದೇ ಇಲ್ಲ. ಇದನ್ನು ನಾನು ಕಲಿತದ್ದು ಒಂದು ಹಳದಿ ಲೆನ್ಸ್‌ನಿಂದ.

ಅಸಾಹಿ ಕಂಪನಿಯ ಸೂಪರ್ ಟಾಕುಮಾರ್ ಎಂಬ 50 ಮಿಲಿಮೀಟರ್ ಲೆನ್ಸ್ ಇದೆ, ಎಫ್ 1.4. ಅದರ ಏಳು ಗಾಜಿನ ಮಾದರಿಯಲ್ಲಿ ಥೋರಿಯಂ ಬೆರೆಸಿದ ಗಾಜನ್ನು ಬಳಸಿದ್ದಾರೆ. ಥೋರಿಯಂ ಬೆರೆತ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಆದರೆ ಬಣ್ಣಗಳನ್ನು ಅಷ್ಟಾಗಿ ಚದುರಿಸುವುದಿಲ್ಲ. ಆ ಕಾಲದ ಲೆನ್ಸ್ ವಿನ್ಯಾಸಕರಿಗೆ ಅದು ದೊಡ್ಡ ಅನುಕೂಲವಾಗಿತ್ತು. ಆದರೆ ಥೋರಿಯಂ ವಿಕಿರಣಶೀಲ ಧಾತು. ದಶಕಗಳು ಕಳೆದಂತೆ ಆ ವಿಕಿರಣದಿಂದಲೇ ಗಾಜು ಹಳದಿ ತಿರುಗುತ್ತದೆ. ಕೆಲವು ದಿನ ಬಿಸಿಲಿಗೋ ನೇರಳಾತೀತ ದೀಪದ ಕೆಳಗೋ ಇಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಹಳೆಯ ಲೆನ್ಸ್‌ಗಳ ಸಹವಾಸದಲ್ಲಿರುವವರಿಗೆಲ್ಲ ಇದು ಗೊತ್ತಿರುವ ಸಂಗತಿ. ಹಾಗೆಂದುಕೊಂಡೇ ನಾನು ಅದನ್ನು ವಿವರಣೆಯಲ್ಲಿ ಬರೆಯಲಿಲ್ಲ. ಗಾಜು ಸ್ವಚ್ಛವಾಗಿದೆ, ಫಂಗಸ್ ಇಲ್ಲ, ಫೋಕಸ್ ಉಂಗುರ ನಯವಾಗಿ ತಿರುಗುತ್ತದೆ ಎಂದಷ್ಟೇ ಬರೆದು ಮಾರಿಬಿಟ್ಟೆ.

ಲೆನ್ಸ್ ತಲುಪಿದ ಎರಡನೆಯ ರಾತ್ರಿ ಸಂದೇಶ ಬಂದಿತು. ‘ನೀವು ನನ್ನ ಮನೆಗೆ ವಿಷ ಕಳುಹಿಸಿದ್ದೀರಿ. ಮನೆಯಲ್ಲಿ ಎಂಟು ತಿಂಗಳ ಮಗುವಿದೆ. ನಿಮ್ಮ ಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆ.’ ಅದರ ಬೆನ್ನಿಗೇ ಇನ್ನೂ ನಾಲ್ಕು ಸಂದೇಶಗಳು, ಒಂದಕ್ಕಿಂತ ಒಂದು ಖಾರ. ಓದುತ್ತಿದ್ದಂತೆ ನನ್ನ ಕೈ ನಡುಗಿತು. ಮೊದಲು ಬಂದದ್ದು ಸಿಟ್ಟು. ಇಷ್ಟು ಮಾತು ಅನ್ನಿಸಿಕೊಳ್ಳುವಂಥ ತಪ್ಪು ನಾನೇನು ಮಾಡಿದ್ದೇನೆ ಎಂದು. ಉತ್ತರ ಟೈಪ್ ಮಾಡಿ ಮುಗಿಸಿದ್ದೆ ಕೂಡ. ಕಳುಹಿಸುವ ಮೊದಲು ಅವರ ಮೊದಲ ಸಂದೇಶವನ್ನು ಇನ್ನೊಮ್ಮೆ ಓದಿದೆ. ಮಗು ಎಂಬ ಪದದ ಮೇಲೆ ಕಣ್ಣು ನಿಂತಿತು. ಈ ಮನುಷ್ಯ ಜಗಳಕ್ಕೆ ಬಂದವನಲ್ಲ, ಹೆದರಿದ್ದಾನೆ ಎಂದು ಆಗ ಹೊಳೆಯಿತು.

ಬರೆದದ್ದನ್ನು ಅಳಿಸಿದೆ. ಇದನ್ನು ನಾನು ವಿವರಣೆಯಲ್ಲಿ ಹೇಳಬೇಕಾಗಿತ್ತು, ಹೇಳಲಿಲ್ಲ, ತಪ್ಪು ನನ್ನದು ಎಂದು ಬರೆದೆ. ಮಾಮೂಲಿಯಾಗಿ ಫೋಟೊ ತೆಗೆಯುವವರಿಗೆ ಅದರಿಂದ ತಗಲುವ ವಿಕಿರಣ ಬಹಳ ಅಲ್ಪ; ಗಾಜನ್ನು ಒಡೆದು, ಪುಡಿಮಾಡಿ, ಅದರ ಧೂಳನ್ನು ಉಸಿರಾಡಬಾರದು ಅಷ್ಟೇ ಎಂದು ತಿಳಿಸಿದೆ. ಇಷ್ಟರ ಮೇಲೂ ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ವಾಪಸ್ ಕಳುಹಿಸಿ, ಸಾಗಣೆ ವೆಚ್ಚ ನನ್ನದು, ಪೂರ್ತಿ ಹಣ ಹಿಂದಿರುಗಿಸುತ್ತೇನೆ ಎಂದೆ. ಮರುದಿನ ಬೆಳಿಗ್ಗೆ ಬಂದ ಉತ್ತರ ಒಂದೇ ಸಾಲಿನದು: ರಾತ್ರಿ ನಿದ್ದೆ ಬಂದಿರಲಿಲ್ಲ, ಕ್ಷಮಿಸಿ. ಲೆನ್ಸ್ ವಾಪಸ್ ಬಂದಿತು, ಹಣ ಹೋಯಿತು. ಫೀಡ್‌ಬ್ಯಾಕ್‌ನಲ್ಲಿ ಅವರು ನನ್ನ ಬಗ್ಗೆ ಬರೆದ ಎರಡು ಸಾಲನ್ನು ನೋಡಿ ಬಂದೆವೆಂದು ಹೇಳುವ ಗಿರಾಕಿಗಳು ಇಂದಿಗೂ ಇದ್ದಾರೆ.

ಅಂದಿನಿಂದ ಪ್ರತಿ ವಿವರಣೆಯಲ್ಲೂ ವಸ್ತುವಿನ ದೋಷಗಳನ್ನು ಗುಣಗಳಿಗಿಂತ ಮೊದಲು ಬರೆಯುತ್ತೇನೆ. ಅಪರ್ಚರ್ ಎಲೆಗಳ, ಅಂದರೆ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಎಲೆಗಳ ಮೇಲೆ ಎಣ್ಣೆ ಇದ್ದರೆ ಅದು ಮೊದಲ ಸಾಲಿನಲ್ಲೇ ಇರುತ್ತದೆ. ಗಾಜಿನ ಒಳಗಿನ ದೂಳನ್ನು, ಅಂಚಿನ ಫಂಗಸ್ ಎಳೆಯನ್ನು ಹಿಂದಿನಿಂದ ಟಾರ್ಚ್ ಬಿಟ್ಟು ಚಿತ್ರ ತೆಗೆಯುತ್ತೇನೆ. ಹಾಗೆ ತೆಗೆದರೆ ಚೆನ್ನಾಗಿರುವ ಲೆನ್ಸ್ ಕೂಡ ಭಯಂಕರವಾಗಿ ಕಾಣುತ್ತದೆ, ನಿಜ. ಕಾಣಲಿ. ಆ ಚಿತ್ರ ನೋಡಿಯೂ ಕೊಂಡವರು ತಗಾದೆ ತೆಗೆದದ್ದು ನನಗೆ ನೆನಪಿಲ್ಲ.

ಈಗ ಈಬೇ ನಿಯಮಗಳಿಗೆ ಬರೋಣ. ವಸ್ತು ಬರಲಿಲ್ಲ, ಅಥವಾ ವಿವರಣೆಯಲ್ಲಿ ಹೇಳಿದಂತೆ ಇಲ್ಲ ಎಂದು ದೂರು ಕೊಡಲು ಕೊಂಡವರಿಗೆ ಅದು ತಲುಪಿದ ಅಥವಾ ತಲುಪಬೇಕಾದ ದಿನದಿಂದ 30 ದಿನಗಳ ಅವಕಾಶವಿದೆ. ದೂರು ಬಂದ ಮೇಲೆ ಮಾರಿದವರಿಗೆ 3 ಕೆಲಸದ ದಿನಗಳು. ಅಷ್ಟರಲ್ಲಿ ಸರಿಹೋಗದಿದ್ದರೆ ಕೊಂಡವರು ಈಬೇಯನ್ನೇ ನಡುವೆ ಕರೆಯಬಹುದು. ಮೂರು ದಿನ ಸಾಲದು ಎಂದು ಗೊಣಗುವ ಮಾರಾಟಗಾರರು ಬಹಳ ಮಂದಿ. ನನಗೆ ಅದು ಹಿತವಾದ ಅವಧಿ. ಮೊದಲ ದಿನ ಸಿಟ್ಟಿಗೆ ಬಿಡುತ್ತೇನೆ, ಏನನ್ನೂ ಬರೆಯುವುದಿಲ್ಲ. ಎರಡನೆಯ ದಿನ ನನ್ನ ಹಳೆಯ ಚಿತ್ರಗಳನ್ನು ತೆಗೆದು ಅವರು ಕಳುಹಿಸಿದ ಚಿತ್ರದ ಪಕ್ಕದಲ್ಲಿಟ್ಟು ನೋಡುತ್ತೇನೆ. ಉತ್ತರ ಹೋಗುವುದು ಆಮೇಲೆ. ಹೆದರಿದವರಿಗೆ ಮಾತ್ರ ಈ ಕಾಯಿಸುವಿಕೆ ಇಲ್ಲ. ಅವರಿಗೆ ಅಂದೇ ಬರೆಯಬೇಕು.

ಹೇಳಿದಂತಿಲ್ಲ ಎಂಬ ದೂರಿನ ಮೇಲೆ ವಸ್ತು ವಾಪಸ್ ಬಂದರೆ ಸಾಗಣೆಯ ಖರ್ಚು ಮಾರಿದವರ ತಲೆಗೆ. ಇದನ್ನು ಚೆನ್ನಾಗಿ ಬಲ್ಲ ಒಂದು ಬಗೆಯ ಗಿರಾಕಿಗಳಿದ್ದಾರೆ. ಲೆನ್ಸ್ ಕೈಸೇರಿದ ಮೂರು ನಾಲ್ಕು ದಿನಕ್ಕೆ ಅವರ ಸಂದೇಶ ಬರುತ್ತದೆ: ಗೀರಿದೆ, ವಾಪಸ್ ಕಳುಹಿಸುವ ಗೋಜು ಬೇಡ, ಅರ್ಧ ಹಣ ಕೊಟ್ಟುಬಿಡಿ, ಇಟ್ಟುಕೊಳ್ಳುತ್ತೇನೆ. ಮಾತು ಬೆಣ್ಣೆಯಂತೆ ಇರುತ್ತದೆ, ಚಿತ್ರ ಮಾತ್ರ ಇರುವುದಿಲ್ಲ. ಇದ್ದರೂ ಮಬ್ಬು. ಆರಂಭದಲ್ಲಿ ಇಬ್ಬರಿಗೆ ಹಣ ಕೊಟ್ಟು ಕೈತೊಳೆದುಕೊಂಡೆ, ರಗಳೆ ಬೇಡವೆಂದು. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ. ಹಣಕ್ಕಾಗಿ ಅಲ್ಲ, ಅವರು ನನ್ನ ನಂತರ ಇನ್ನೊಬ್ಬರ ಬಳಿ ಅದನ್ನೇ ಮಾಡಿರುತ್ತಾರೆ ಎಂಬುದಕ್ಕಾಗಿ. ಈಗ ಅಂಥವರಿಗೆಲ್ಲ ಒಂದೇ ಉತ್ತರ ಕಳುಹಿಸುತ್ತೇನೆ. ಬೇಕಾದವರು ಬಳಸಿಕೊಳ್ಳಲಿ ಎಂದು ಅದನ್ನು ಪೂರ್ತಿ ಕೊಡುತ್ತಿದ್ದೇನೆ:

‘ನಮಸ್ಕಾರ. ಲೆನ್ಸ್ ನಿಮಗೆ ತೃಪ್ತಿ ಕೊಡಲಿಲ್ಲ ಎಂದು ತಿಳಿದು ಬೇಸರವಾಯಿತು. ಗೀರಿರುವ ಭಾಗದ ಚಿತ್ರವನ್ನು ಇಲ್ಲೇ, ಈ ಸಂದೇಶದ ಜೊತೆಗೇ ಕಳುಹಿಸಿ. ಭಾಗಶಃ ಹಣ ಹಿಂದಿರುಗಿಸುವ ಪದ್ಧತಿ ನನ್ನಲ್ಲಿಲ್ಲ. ಈಬೇ ಮೂಲಕ ವಾಪಸಾತಿ ಕೋರಿಕೆ ಹಾಕಿ, ನಾನು ಕೂಡಲೇ ಒಪ್ಪುತ್ತೇನೆ. ಕಳುಹಿಸಿದ ಲೆನ್ಸ್ ಅದೇ ಸ್ಥಿತಿಯಲ್ಲಿ ನನಗೆ ತಲುಪಿದ ದಿನವೇ ಪೂರ್ತಿ ಹಣ ನಿಮ್ಮದು.’

ಇದರಲ್ಲಿ ಒಂದು ಪದವೂ ಗಡುಸಾಗಿಲ್ಲ. ನಿಜವಾಗಿ ಗೀರು ಕಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಅರ್ಧ ಹಣಕ್ಕೆ ಹೊಂಚು ಹಾಕಿದವರಿಗೆ ಇದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಈವರೆಗೆ ಇದನ್ನು ಒಂಬತ್ತು ಜನರಿಗೆ ಕಳುಹಿಸಿದ್ದೇನೆ. ಇಬ್ಬರು ಲೆನ್ಸ್ ವಾಪಸ್ ಮಾಡಿದರು, ಎರಡರಲ್ಲೂ ಗೀರು ನಿಜವಾಗಿತ್ತು. ಉಳಿದ ಏಳು ಮಂದಿ ಮತ್ತೆ ಬರೆಯಲಿಲ್ಲ. ಯಾರು ಹೆದರಿದವರು, ಯಾರು ಕಪಟಿಗಳು ಎಂದು ದೂರದಿಂದ ತೀರ್ಪು ಹೇಳುವ ಕಷ್ಟವೇ ನನಗೆ ಬರಲಿಲ್ಲ.

‘ಇಲ್ಲೇ’ ಎಂಬ ಪದವನ್ನು ಬೇಕೆಂದೇ ಹಾಕಿದ್ದೇನೆ. ಫೋನ್ ನಂಬರ್ ಕೊಡಿ, ಹೊರಗೆ ಮಾತಾಡೋಣ ಎಂದು ಯಾರಾದರೂ ಕೇಳಿದರೆ ನಾನು ಕೊಡುವುದಿಲ್ಲ. ವ್ಯಾಜ್ಯ ಎದ್ದಾಗ ಈಬೇಯವರು ಓದುವುದು ತಮ್ಮ ಪೆಟ್ಟಿಗೆಯಲ್ಲಿರುವ ಸಂದೇಶಗಳನ್ನು. ಹೊರಗೆ ಆಡಿದ ಮಾತು ಗಾಳಿಯ ಪಾಲು. ಹೊರಗೆ ಹಣ ಪಡೆಯುವುದಂತೂ ಬೇಡವೇ ಬೇಡ. ಬೆಲೆಗಿಂತ ಹೆಚ್ಚು ಕಳುಹಿಸಿದ್ದೇನೆ, ಮಿಕ್ಕಿದ್ದನ್ನು ವಾಪಸ್ ಮಾಡಿ ಎಂದು ಬರುವ ಸಂದೇಶದ ಹಿಂದೆ ಯಾವ ಹಣವೂ ಇರುವುದಿಲ್ಲ.

ಲೆನ್ಸ್ ಅದಲುಬದಲಾದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವ್ಯಾಪಾರದಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸಿದ ವಂಚನೆ ಅದು. ಅದಕ್ಕೂ ಮೊದಲಿನ ಒಂದು ಪೆಟ್ಟಿನ ಮಾತು ಹೇಳಿಬಿಡುತ್ತೇನೆ. ಈಬೇಗೆ ಬರುವ ಮುನ್ನ ಬೇರೊಂದು ಮಾರಾಟದ ಆ್ಯಪ್‌ನಲ್ಲಿದ್ದೆ. ಅಲ್ಲಿ ಕೊಂಡವರೊಬ್ಬರು ಪೆಟ್ಟಿಗೆ ಖಾಲಿ ಬಂದಿತು ಎಂದರು. ನನ್ನ ಬಳಿ ಪ್ಯಾಕ್ ಮಾಡಿದ ಚಿತ್ರವಿರಲಿಲ್ಲ, ತೂಕದ ರಸೀದಿಯನ್ನು ಎಸೆದಿದ್ದೆ. ಲೆನ್ಸ್ ಹೋಯಿತು, ಹಣವೂ ಹೋಯಿತು. ಅಂದಿನಿಂದ ಪ್ಯಾಕ್ ಮಾಡುವುದನ್ನು ಒಂದೇ ಓಟದ ವಿಡಿಯೋ ಮಾಡುತ್ತೇನೆ: ಲೆನ್ಸ್, ಅದರ ಮೇಲೆ ಕೊರೆದ ಕ್ರಮಸಂಖ್ಯೆ, ಸುತ್ತಿದ ಹಾಳೆ, ಮುಚ್ಚಿದ ಪೆಟ್ಟಿಗೆ, ತಕ್ಕಡಿಯ ಮೇಲಿನ ತೂಕ, ಅಂಟಿಸಿದ ವಿಳಾಸ. ನಡುವೆ ಕ್ಯಾಮೆರಾ ನಿಲ್ಲಿಸುವುದಿಲ್ಲ.

ಮೂರು ವರ್ಷಗಳ ಹಿಂದೆ ಈಬೇ ಮೂಲಕ ನಿಕಾನ್ ಕಂಪನಿಯ ಒಂದು ನಿಕಾರ್ 50 ಮಿಲಿಮೀಟರ್ ಲೆನ್ಸ್ ಮಾರಿದೆ. ನಾನು ಸರಿಮಾಡಿದವುಗಳಲ್ಲೇ ಅತ್ಯಂತ ಚೆನ್ನಾಗಿ ಬಂದ ಲೆನ್ಸ್ ಅದು. ಫೋಕಸ್ ಉಂಗುರದ ಹಳೆಯ ಗ್ರೀಸ್ ತೆಗೆದು ಹೊಸದನ್ನು ಹಾಕಲು ಎರಡು ಸಂಜೆ ಕೂತಿದ್ದೆ. ಹತ್ತು ದಿನಕ್ಕೆ ದೂರು ಬಂದಿತು, ಒಳಗೆ ಫಂಗಸ್ ಇದೆ ಎಂದು. ವಾಪಸ್ ಕಳುಹಿಸಿ ಎಂದೆ. ಪೆಟ್ಟಿಗೆ ನನ್ನದೇ, ಒಳಗಿನ ಹಾಳೆಯೂ ನನ್ನದೇ. ಲೆನ್ಸ್ ಕೈಗೆತ್ತಿಕೊಂಡು ಉಂಗುರ ತಿರುಗಿಸಿದೆ. ಒಳಗೆ ಮರಳು ಸಿಕ್ಕಿದಂತೆ ಕರಕರ ಎಂದಿತು. ನಾನು ಹಾಕಿದ ಗ್ರೀಸ್ ಹಾಗೆ ತಿರುಗುವುದಿಲ್ಲ. ಸಂಖ್ಯೆ ನೋಡುವ ಮೊದಲೇ ಬೆರಳಿಗೆ ಗೊತ್ತಾಗಿಹೋಗಿತ್ತು.

ಲೆನ್ಸ್‌ನ ಮುಂಭಾಗದಲ್ಲಿ, ಹೆಸರು ಬರೆದ ಉಂಗುರದ ಮೇಲೆ ಸಂಖ್ಯೆ ಕೊರೆದಿರುತ್ತದೆ. ವಿಚಿತ್ರವೆಂದರೆ ಅದು ನನ್ನ ಲೆನ್ಸ್‌ನ ಸಂಖ್ಯೆಯೇ ಆಗಿತ್ತು. ಕೆಲಸ ಬಲ್ಲವರಿಗೆ ಆ ಉಂಗುರವನ್ನು ರಬ್ಬರ್ ಬಿರಡೆಯಿಂದ ಒತ್ತಿ ತಿರುಗಿಸಿ ಬಿಚ್ಚುವುದು ಕಷ್ಟವೇನಲ್ಲ. ನನ್ನ ಲೆನ್ಸ್‌ನ ಉಂಗುರವನ್ನು ತೆಗೆದು ಫಂಗಸ್ ಹಿಡಿದ ಇನ್ನೊಂದಕ್ಕೆ ಹಾಕಿ ಕಳುಹಿಸಿದ್ದರು. ಒಂದು ಕ್ಷಣ ಎದೆ ಧಸಕ್ಕೆಂದಿತು. ನನ್ನ ಏಕೈಕ ಸಾಕ್ಷಿ ಎಂದುಕೊಂಡಿದ್ದ ಸಂಖ್ಯೆಯೇ ಅವರ ಪರವಾಗಿ ನಿಂತಿತ್ತು. ಮೌಂಟ್ ಕಡೆಯಿಂದ, ಅಂದರೆ ಕ್ಯಾಮೆರಾಗೆ ಕೂಡಿಸುವ ಕಡೆಯಿಂದ ತೆಗೆದ ನನ್ನ ಹಳೆಯ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ನನ್ನದರಲ್ಲಿ ಎರಡನೆಯ ಸ್ಕ್ರೂ ತಲೆಯ ಸೀಳು ಒಂದು ಬದಿಯಲ್ಲಿ ಸವೆದಿತ್ತು, ಅಪರ್ಚರ್ ಉಂಗುರದ 8ರ ಅಂಕಿಯ ಬಣ್ಣದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಚಕ್ಕೆ ಎದ್ದಿತ್ತು. ವಾಪಸ್ ಬಂದದ್ದರಲ್ಲಿ ಎರಡೂ ಇಲ್ಲ. ನಾಲ್ಕು ಚಿತ್ರಗಳನ್ನು ಜೋಡಿ ಜೋಡಿಯಾಗಿ ಇಟ್ಟು, ಪ್ರತಿಯೊಂದರ ಮೇಲೂ ಗುರುತು ಹಾಕಿ, ಕೆಳಗೆ ಐದು ಸಾಲು ಬರೆದೆ. ಅವರನ್ನು ಕಳ್ಳ ಎಂದು ಕರೆಯಲಿಲ್ಲ. ಕಳುಹಿಸಿದ ವಸ್ತು ಮತ್ತು ಹಿಂದಿರುಗಿದ ವಸ್ತು ಬೇರೆ ಬೇರೆ, ವ್ಯತ್ಯಾಸ ಇಂಥಿಂಥ ಕಡೆ ಎಂದಷ್ಟೇ ಬರೆದೆ. ಈಬೇಯ ತೀರ್ಪು ನನ್ನ ಪರವಾಗಿ ಬಂದಿತು. ಲೆನ್ಸ್ ಮಾತ್ರ ಸಿಗಲಿಲ್ಲ. ಹಣ ಉಳಿಯಿತು, ಎರಡು ಸಂಜೆಯ ಕೆಲಸ ಯಾರದೋ ಕಪಾಟಿನಲ್ಲಿದೆ.

ಹಳೆಯ ವಸ್ತು ಮಾರುವವರು ಇದೊಂದನ್ನು ಗಮನದಲ್ಲಿಡಬೇಕು: ಸಂಖ್ಯೆಯ ಚಿತ್ರ ಸಾಲದು. ಬಿಚ್ಚಿ ಬದಲಿಸಲಾಗದ ಗುರುತನ್ನು ಹುಡುಕಿ ತೆಗೆದಿಡಿ. ತೆಗೆದದ್ದನ್ನು ಬೇಗ ಅಳಿಸಬೇಡಿ. ಪೇಪಾಲ್ ಎಂಬ ಪಾವತಿ ಸೇವೆಯ ಮೂಲಕ ಹಣ ಕೊಟ್ಟವರು 180 ದಿನಗಳವರೆಗೆ ವ್ಯಾಜ್ಯ ತೆಗೆಯಬಹುದು. ಕಾರ್ಡ್‌ನಲ್ಲಿ ಕೊಟ್ಟವರು ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣವನ್ನು ಹಿಂದಕ್ಕೆ, ಕೇಳಬಹುದು. ಅಲ್ಲಿ ತೀರ್ಮಾನಿಸುವುದು ಮಾರಾಟದ ತಾಣವಲ್ಲ, ಬ್ಯಾಂಕು. ನಾನು ಒಂದು ವರ್ಷ ಇಡುತ್ತೇನೆ.

ಇನ್ನು ಮಾರುವವರಿಗೆ ಈಬೇ ಕೊಟ್ಟಿರುವ ಸಣ್ಣಪುಟ್ಟ ಸಲಕರಣೆಗಳು. ಕೊಳ್ಳುತ್ತೇನೆ ಎಂದು ಒತ್ತಿ ಹಣ ಕೊಡದೆ ಕಾಯಿಸುವವರಿಗೆ 4 ದಿನಗಳ ಗಡುವಿದೆ. ಆಮೇಲೆ ಹಣ ಬರಲಿಲ್ಲವೆಂಬ ಕಾರಣ ತೋರಿಸಿ ಮಾರಾಟವನ್ನು ರದ್ದು ಮಾಡಬಹುದು. ಮೊದಮೊದಲು ನಾಳೆ ಕೊಡುತ್ತೇನೆ, ನಾಡಿದ್ದು ಕೊಡುತ್ತೇನೆ ಎಂಬ ಮಾತಿಗೆ ವಾರಗಟ್ಟಲೆ ಕಾದಿದ್ದೇನೆ. ಈಗ ಐದನೆಯ ದಿನ ಬೆಳಿಗ್ಗೆ ರದ್ದು. ನಿಗದಿತ ಬೆಲೆಯ ಮಾರಾಟದಲ್ಲಿ ಒಡನೆ ಪಾವತಿ ಕಡ್ಡಾಯ ಎಂಬ ಆಯ್ಕೆಯೂ ಇದೆ, ಅದನ್ನು ಹಾಕಿದರೆ ಈ ತೊಂದರೆ ಬುಡಸಮೇತ ಹೋಗುತ್ತದೆ. ಚೌಕಾಸಿಯವರಿಗೆ ಬೆಸ್ಟ್ ಆಫರ್ ವ್ಯವಸ್ಥೆಯಲ್ಲಿ ಕನಿಷ್ಠ ಮೊತ್ತವನ್ನು ಮೊದಲೇ ತುಂಬಿಟ್ಟರೆ ಅದಕ್ಕಿಂತ ಕೆಳಗಿನದನ್ನು ತಾಣವೇ ತಿರಸ್ಕರಿಸುತ್ತದೆ. ಇದು ನನಗೆ ಬಹಳ ನೆಮ್ಮದಿ ತಂದಿದೆ. ಕಾಲು ಬೆಲೆಗೆ ಕೇಳುವವರ ಮೇಲೆ ಸಿಟ್ಟಾಗಲು ಈಗ ಅವಕಾಶವೇ ಇಲ್ಲ, ಅವರು ಕೇಳಿದ್ದು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಮತ್ತೆ ವ್ಯವಹಾರ ಬೇಡವೆನಿಸಿದವರನ್ನು ತಡೆಪಟ್ಟಿಗೆ ಸೇರಿಸಬಹುದು. ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ; ಏಳು ವರ್ಷಕ್ಕೆ ಹನ್ನೊಂದು ಕಡಿಮೆ ಎಂದೇ ನನ್ನ ಎಣಿಕೆ.

ವಸ್ತು ತಲುಪಲಿಲ್ಲ ಎಂಬ ದೂರಿಗೆ ಟ್ರ್ಯಾಕಿಂಗ್ ಇಲ್ಲದೆ ಉತ್ತರವಿಲ್ಲ. ಬೆಲೆಬಾಳುವ ವಸ್ತುವಾದರೆ ತೆಗೆದುಕೊಂಡವರ ಸಹಿಯೂ ಬೇಕು. ಆದರೆ ತಲುಪಿದೆ ಎಂಬ ದಾಖಲೆಯನ್ನು ಅವರ ಮುಖಕ್ಕೆ ಹಿಡಿಯುವ ಮುನ್ನ ನಾನು ಒಂದು ಮಾತು ಕೇಳುತ್ತೇನೆ: ಮನೆಯವರನ್ನು, ಅಕ್ಕಪಕ್ಕದವರನ್ನು ಒಮ್ಮೆ ವಿಚಾರಿಸುತ್ತೀರಾ? ಅರ್ಧಕ್ಕರ್ಧ ಪಾರ್ಸೆಲ್‌ಗಳು ಅಲ್ಲೇ ಸಿಕ್ಕಿವೆ.

ಆ ಒಂದು ಅಂಕ ಕಡಿಮೆಯಾದದ್ದು ಫೀಡ್‌ಬ್ಯಾಕ್ ವಿಷಯದಲ್ಲಿ. 2008ರಿಂದ ಮಾರಿದವರು ಕೊಂಡವರ ಬಗ್ಗೆ ಕೆಟ್ಟ ಫೀಡ್‌ಬ್ಯಾಕ್ ಬರೆಯುವಂತಿಲ್ಲ. ಅದಕ್ಕೆ ಕಾರಣವೂ ಇತ್ತು: ನೀನು ಕೆಟ್ಟದ್ದು ಬರೆದರೆ ನಾನೂ ಬರೆಯುತ್ತೇನೆ ಎಂದು ಮಾರಾಟಗಾರರು ಹೆದರಿಸುತ್ತಿದ್ದರು, ಕೊಂಡವರು ನಿಜ ಹೇಳಲು ಹಿಂಜರಿಯುತ್ತಿದ್ದರು. ಅದನ್ನು ನಿಲ್ಲಿಸಿದ್ದು ಸರಿ. ಕೆಟ್ಟ ಫೀಡ್‌ಬ್ಯಾಕ್ ಕೊಡುತ್ತೇನೆ ಎಂದು ಬೆದರಿಸಿ ಹೆಚ್ಚಿನದನ್ನು ಕೀಳುವುದು ಕೊಂಡವರಿಗೂ ನಿಷಿದ್ಧ. ಅಂಥ ಸಂದೇಶವನ್ನು ವರದಿ ಮಾಡಬಹುದು. ಸಮಸ್ಯೆ ಬಗೆಹರಿದ ಮೇಲೆ ಬರೆದದ್ದನ್ನು ತಿದ್ದಿ ಎಂದು ಕೇಳಲೂ ದಾರಿಯಿದೆ, ಆದರೆ 1000 ಫೀಡ್‌ಬ್ಯಾಕ್‌ಗೆ ವರ್ಷಕ್ಕೆ 5 ಕೋರಿಕೆ ಮಾತ್ರ. ಇಷ್ಟೆಲ್ಲ ಇದ್ದರೂ ಉಂಗುರ ಬದಲಿಸಿ ಕಳುಹಿಸಿದ ಆ ವ್ಯಕ್ತಿಯ ಖಾತೆ ಮುಂದಿನ ಮಾರಾಟಗಾರರಿಗೆ ಯಾವ ಕಲೆಯೂ ಇಲ್ಲದೆ ಕಾಣುತ್ತದೆ. ವ್ಯಾಜ್ಯದಲ್ಲಿ ಸೋತ ವಾಪಸಾತಿಗಳು ಎಷ್ಟು ಎಂಬ ಒಂದು ಅಂಕಿ ಮಾರುವವರಿಗೆ ಕಂಡರೂ ಸಾಕು. ಅದು ಬರುವವರೆಗೆ ಐದನೆಯ ಅಂಕ ಕೊಡಲಾರೆ.

ಇದನ್ನು ಬರೆಯುತ್ತಿರುವಾಗ ನನ್ನ ಮೇಲೆ ಒಂದು ದೂರು ತೆರೆದಿದೆ, ಇಂದು ಎರಡನೆಯ ದಿನ. ಹೀಲಿಯೋಸ್ 44-2 ಲೆನ್ಸ್, ಉಂಗುರ ಅಲುಗಾಡುತ್ತದೆ ಎಂದು ಸ್ವಲ್ಪ ಗಡುಸಾಗಿಯೇ ಬರೆದಿದ್ದಾರೆ, ಮೋಸ ಎಂಬ ಪದವನ್ನೂ ಬಳಸಿದ್ದಾರೆ. ಅವರು ಕಳುಹಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬದಿಯ ಮೂರು ಸಣ್ಣ ಸ್ಕ್ರೂಗಳಲ್ಲಿ ಒಂದು ಅರ್ಧ ಹೊರಬಂದಿದೆ. ನನ್ನ ಪ್ಯಾಕಿಂಗ್ ವಿಡಿಯೋ ತೆಗೆದೆ. ಅಲ್ಲೂ ಅದು ಹಾಗೆಯೇ ಇದೆ, ನಾನು ಗಮನಿಸಿಲ್ಲ. ವಾಪಸಾತಿಯನ್ನು ಈಗಲೇ ಒಪ್ಪಿದ್ದೇನೆ. ಆ ಸ್ಕ್ರೂ ಬಿಗಿಯುವುದು ಹೇಗೆಂದು ತೋರಿಸುವ ಚಿತ್ರವನ್ನೂ ಜೊತೆಗೆ ಕಳುಹಿಸಿದ್ದೇನೆ, ಲೆನ್ಸ್ ಇಟ್ಟುಕೊಳ್ಳಬೇಕೆನಿಸಿದರೆ ಉಪಯೋಗಕ್ಕೆ ಬರಲಿ ಎಂದು.